ದೊಡ್ಡ ಹೊಳೆಗೆ ಹೊಗೆಸೊಪ್ಪು

ಕೆನಡಾದ ರಾಜಧಾನಿಯ ಪಕ್ಕ ಹರಿಯುವ ಒಟ್ಟಾವಾ ನದಿ ಹೊರಗಿನವರ ಹೆಸರು ಹೊತ್ತಿದೆ. ಒಡಾವಾ ಅನ್ನೋ ಜನ ಹ್ಯೂರಾನ್ ಸರೋವರದ ಕಡೆಯಿಂದ ವ್ಯಾಪಾರಕ್ಕೆ ಬರ್ತಿದ್ದರು. ಹೆಸರು ಅವರದ್ದೇ ಉಳೀತು. ದಡದಲ್ಲೇ ಬಾಳಿದ ಅಲ್ಗಾಂಕ್ವಿನ್ ಜನಕ್ಕೆ ಇದು ಕಿಚಿ ಝೀಬಿ, ಅಂದ್ರೆ ದೊಡ್ಡ ಹೊಳೆ. (ಮಿಸಿಸಿಪ್ಪಿಯ ಬಾಲದಲ್ಲಿರೋದೂ ಇದೇ ನಂಟಿನ ಪದ.) ಸುಮಾರು 1,270 ಕಿ.ಮೀ. ಉದ್ದದ ಈ ಹೊಳೆಯೇ ಅವರ ಹೆದ್ದಾರಿ. ಮಾರಿಸನ್ ದ್ವೀಪದಲ್ಲಿ ತೆಸುವಾ ಅನ್ನೋ ನಾಯಕನ ಜನ ಹಾದುಹೋಗುವ ದೋಣಿಗಳಿಂದ ಸುಂಕ ಎತ್ತುತ್ತಿದ್ದರು. ನಮ್ಮ ಟೋಲ್ ಗೇಟೇ ಅನ್ನಿ.

1613ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ಯಾತ್ರಿಕ ಶಾಂಪ್ಲೇನ್, ಶೋದಿಯೇರ್ ಜಲಪಾತದ ಬಳಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಒಬ್ಬ ಮರದ ತಟ್ಟೆ ಹಿಡಿದು ಬರ್ತಾನೆ, ಎಲ್ಲರೂ ಚೂರು ಚೂರು ಹೊಗೆಸೊಪ್ಪು ಹಾಕ್ತಾರೆ. ತಟ್ಟೆಯ ಸುತ್ತ ಹಾಡಿ ಕುಣೀತಾರೆ. ಮುಖಂಡನ ಮಾತು ಮುಗಿದ ಮೇಲೆ ಸೊಪ್ಪನ್ನು ಕುದಿಯುವಂಥ ನೀರಿಗೆ ಎಸೆದು ಒಟ್ಟಿಗೆ ಕೂಗು ಹಾಕ್ತಾರೆ. ನನಗಂತೂ ಇದು ದಾರಿ ಬಿಟ್ಟ ಹೊಳೆಗೆ ಕೊಟ್ಟ ಸುಂಕದ ಹಾಗೇ ಕಾಣುತ್ತೆ.

20ನೇ ಶತಮಾನದ ಆರಂಭದಲ್ಲಿ ಅದೇ ಜಲಪಾತಕ್ಕೆ ಅಣೆಕಟ್ಟು ಬಂತು, ನೀರು ಕರೆಂಟಿಗೆ ಹೋಯ್ತು. ಇಲ್ಲಿನ ನೆಲವನ್ನು ಅಲ್ಗಾಂಕ್ವಿನರು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ. ಪಾರ್ಲಿಮೆಂಟ್ ನಿಂತಿರೋದೂ ಅದೇ ನೆಲದ ಮೇಲೆ. ಹಾಗಾಗಿ ಇವತ್ತು ಅವರು ದಡದಲ್ಲಿ ಸೇರಿ ನದಿಯನ್ನು ಕೊಂಡಾಡುವಾಗ ಆ ಹಬ್ಬದೊಳಗೆ ಹಕ್ಕಿನ ಮಾತೂ ಇರುತ್ತೆ. 2023ರಲ್ಲಿ ದಡದ ಒಂದು ರಸ್ತೆಯಿಂದ ಕೆನಡಾದ ಮೊದಲ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಹೆಸರು ತೆಗೆದು, ಕಿಚಿ ಝೀಬಿ ಮೀಕನ್, ದೊಡ್ಡ ಹೊಳೆಯ ದಾರಿ, ಅಂತ ಇಟ್ಟರು. ನಕ್ಷೆಯಲ್ಲಿ ಹೊಳೆ ಮಾತ್ರ ಇನ್ನೂ ಒಟ್ಟಾವಾನೇ.