ನ್ಯೂಯಾರ್ಕಿನ ಬೀದಿ ಪತ್ರಿಕೆ ಮಾರಾಟ: ಉಳಿದ ಪ್ರತಿಯ ಚರಿತ್ರೆ

ಬೀದಿ ಮೂಲೆಯಲ್ಲಿ ನಿಂತೋ ಗೂಡಂಗಡಿ ಇಟ್ಟುಕೊಂಡೋ ದಿನಪತ್ರಿಕೆಗಳನ್ನು ಬಿಡಿಯಾಗಿ ಮಾರುವ ಕಸುಬು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬೇರೂರಿದ್ದು 1833ರಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಪತ್ರಿಕೆಗಳಿಗೆ ಪ್ರತಿಯೊಂದಕ್ಕೆ 6 ಸೆಂಟ್ ಬೆಲೆ. ಹೆಚ್ಚಾಗಿ ವರ್ಷದ ಚಂದಾ ಕಟ್ಟಿದ ವರ್ತಕರ ಮನೆ, ಕಚೇರಿಗಳಿಗೇ ಅವು ಹೋಗುತ್ತಿದ್ದವು. ಆ ವರ್ಷ ಸೆಪ್ಟೆಂಬರ್ 3ರಂದು ಬೆಂಜಮಿನ್ ಡೇ ಎಂಬ ಮುದ್ರಕ ‘ದಿ ಸನ್’ ಪತ್ರಿಕೆಯನ್ನು 1 ಸೆಂಟಿಗೆ ಹೊರತಂದ. ಕೂಲಿಕಾರನಿಗೂ ಎಟಕುವ ಬೆಲೆ ಅದು. ಆದರೆ ದಿನಗೂಲಿಯವನು ವರ್ಷದ ಚಂದಾವನ್ನು ಒಟ್ಟಿಗೆ ಕಟ್ಟಲಾರ; ಅವನು ಓಡಾಡುವ ಬೀದಿಗೆ ಪತ್ರಿಕೆಯೇ ಬರಬೇಕಿತ್ತು. ಪತ್ರಿಕೆ ಮಾರಲು ನಿರುದ್ಯೋಗಿಗಳು ಬೇಕೆಂದು ಡೇ ಜಾಹೀರಾತು ಕೊಟ್ಟಾಗ ಮೊದಲು ಬಂದವರಲ್ಲಿ ಒಬ್ಬ 10 ವರ್ಷದ ಬರ್ನಾರ್ಡ್ ಫ್ಲಾಹರ್ಟಿ. ಮುಂದೆ ಅವನು ಬಾರ್ನಿ ವಿಲಿಯಮ್ಸ್ ಎಂಬ ಹೆಸರಿನಿಂದ ನಟನಾಗಿ ಪ್ರಸಿದ್ಧನಾದ. ಮಾರುವವರಿಗೆ ಡೇ ಗೊತ್ತುಮಾಡಿದ ಸಗಟು ದರ ಹೀಗಿತ್ತು: ನಗದು ಕೊಟ್ಟರೆ 100 ಪ್ರತಿಗೆ 67 ಸೆಂಟ್, ಉದ್ರಿಗೆ 75 ಸೆಂಟ್. ಈ ದರದಲ್ಲಿ ಕಸುಬಿನ ಮುಂದಿನ ಇಡೀ ಚರಿತ್ರೆ ಅಡಗಿದೆ. ಕೊಂಡ ಗಳಿಗೆಯಿಂದ ಆ ಪ್ರತಿಯ ಒಡೆಯ ಮಾರುವ ಹುಡುಗನೇ. ಮಾರಾಟವಾಗದೆ ಉಳಿದರೆ ನಷ್ಟವೂ ಅವನದೇ. ಈ ಕಸುಬಿನವರ ಹೋರಾಟ, ಅವರ ಕುರಿತ ಕಾನೂನು, ಕೋರ್ಟು ತೀರ್ಪುಗಳೆಲ್ಲ ಉಳಿದ ಪ್ರತಿಯ ನಷ್ಟ ಯಾರು ಹೊರಬೇಕು ಎಂಬ ಪ್ರಶ್ನೆಯ ಸುತ್ತ ಬೆಳೆದವು ಎಂಬುದು ಈ ಲೇಖನದ ವಾದ.

ದಿನಪತ್ರಿಕೆಯಷ್ಟು ಬೇಗ ಬೆಲೆ ಕಳೆದುಕೊಳ್ಳುವ ಸರಕು ಬೀದಿಯಲ್ಲಿ ಇನ್ನೊಂದಿಲ್ಲ. ಬಾಡಿದ ಸೊಪ್ಪನ್ನು ಸಂಜೆ ಅರ್ಧ ಬೆಲೆಗಾದರೂ ಕೊಡಬಹುದು. ಬೆಳಗಿನ ಪತ್ರಿಕೆಯನ್ನು ಸಂಜೆ ಕಾಲು ಬೆಲೆಗೂ ಯಾರೂ ಕೇಳುವುದಿಲ್ಲ. ಇಂಥ ಸರಕಿನ ಅಪಾಯವನ್ನು ಊರಿನಲ್ಲಿ ಎಲ್ಲರಿಗಿಂತ ಕಡಿಮೆ ದುಡ್ಡಿದ್ದವರ ಮೇಲೆ ಹೊರಿಸಿದ್ದೇ ಅಗ್ಗದ ಪತ್ರಿಕೋದ್ಯಮದ ಬಂಡವಾಳವಾಯಿತು. ಈ ಹುಡುಗರಲ್ಲಿ ಅನೇಕರಿಗೆ ಮನೆಯೇ ಇರಲಿಲ್ಲ. ಅವರಿಗಾಗಿ ಚಾರ್ಲ್ಸ್ ಲೋರಿಂಗ್ ಬ್ರೇಸ್‌ನ ಚಿಲ್ಡ್ರನ್ಸ್ ಏಡ್ ಸೊಸೈಟಿ 1854ರಲ್ಲಿ ತಂಗುಮನೆ ತೆರೆದಾಗ ಹಾಸಿಗೆಗೆ ಅಲ್ಪ ಶುಲ್ಕ ಇಟ್ಟಿತು. ಇವರು ಭಿಕ್ಷುಕರಲ್ಲ, ಪುಟ್ಟ ವ್ಯಾಪಾರಿಗಳು ಎಂಬುದು ಬ್ರೇಸ್‌ನ ನಂಬಿಕೆ. ಆ ನಂಬಿಕೆಯಲ್ಲಿ ಹುಡುಗರ ಬಗ್ಗೆ ನಿಜವಾದ ಗೌರವವಿತ್ತು. ‘ವ್ಯಾಪಾರಿ’ ಎಂಬ ಪಟ್ಟ ಪತ್ರಿಕೆಗಳ ಮಾಲೀಕರಿಗೂ ಅನುಕೂಲವಾಯಿತು: ವ್ಯಾಪಾರಿಗೆ ಸಂಬಳವಿಲ್ಲ, ರಜೆಯಿಲ್ಲ, ಗಾಯವಾದರೆ ಪರಿಹಾರವಿಲ್ಲ. ಮಾರುವ ಬೆಲೆಯನ್ನು ತಾನೇ ಗೊತ್ತುಮಾಡುವ ಹಕ್ಕು ಮಾತ್ರ ಈ ವ್ಯಾಪಾರಿಗೆ ಇರಲಿಲ್ಲ. ಅದು ಪತ್ರಿಕೆಯ ನೆತ್ತಿಯ ಮೇಲೇ ಅಚ್ಚಾಗಿ ಬರುತ್ತಿತ್ತು.

ಈ ಅಸಮತೋಲ ಸ್ಫೋಟಿಸಿದ್ದು 1899ರಲ್ಲಿ. ಹಿಂದಿನ ವರ್ಷ ಸ್ಪೇನ್ ಜೊತೆಗಿನ ಯುದ್ಧದ ಕಾಲದಲ್ಲಿ ಪತ್ರಿಕೆಗಳು ಬಿಸಿದೋಸೆಯಂತೆ ಖರ್ಚಾಗುತ್ತಿದ್ದಾಗ ಸಗಟು ಬೆಲೆ 100 ಪ್ರತಿಗೆ 50 ಸೆಂಟಿನಿಂದ 60ಕ್ಕೆ ಏರಿತ್ತು. ಯುದ್ಧ ಮುಗಿದು ಗಿರಾಕಿ ಇಳಿದ ಮೇಲೆ ಇತರ ಪತ್ರಿಕೆಗಳಲ್ಲಿ ಅನೇಕ ಹಳೆಯ ಬೆಲೆಗೆ ಮರಳಿದವು. ಜೋಸೆಫ್ ಪುಲಿಟ್ಜರ್‌ನ ‘ವರ್ಲ್ಡ್’ ಮತ್ತು ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ‘ಜರ್ನಲ್’ ಮರಳಲಿಲ್ಲ. ಜುಲೈನಲ್ಲಿ ಲಾಂಗ್ ಐಲೆಂಡ್ ಸಿಟಿಯಲ್ಲಿ ‘ಜರ್ನಲ್’ನ ಗಾಡಿಯವನು ಎಣಿಕೆ ಕಡಿಮೆಯಿದ್ದ ಕಟ್ಟುಗಳನ್ನು ಕೊಟ್ಟು ಸಿಕ್ಕಿಬಿದ್ದ, ಹುಡುಗರು ಗಾಡಿಯನ್ನೇ ಉರುಳಿಸಿದರು. ಜುಲೈ 20ರಂದು ಮ್ಯಾನ್‌ಹಟನ್‌ನಲ್ಲಿ ಮುಷ್ಕರ ಶುರುವಾಯಿತು. 24ರಂದು ಅರ್ವಿಂಗ್ ಹಾಲಿನ ಸಭೆಗೆ ಸಾವಿರಾರು ಹುಡುಗರು ಸೇರಿದರು. ‘ವರ್ಲ್ಡ್’ನ ಪ್ರಸಾರ ಸುಮಾರು 3,60,000ದಿಂದ 1,25,000ಕ್ಕೆ ಕುಸಿಯಿತು. ಆಗಸ್ಟ್ 2ರ ಹೊತ್ತಿಗೆ ರಾಜಿಯಾಯಿತು: ಬೆಲೆ 60 ಸೆಂಟೇ ಇರುತ್ತದೆ, ಆದರೆ ಉಳಿದ ಪ್ರತಿಗಳನ್ನು ಪತ್ರಿಕೆಗಳು ವಾಪಸು ಪಡೆದು ಹಣ ಕೊಡುತ್ತವೆ.

ಬೆಲೆ ಇಳಿಯಲಿಲ್ಲವಲ್ಲ, ಮುಷ್ಕರ ಸೋತಿತು ಎಂದು ವಾದಿಸುವವರಿದ್ದಾರೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. 100 ಪ್ರತಿ ಕೊಂಡು, ತಲಾ 1 ಸೆಂಟಿಗೆ 80 ಮಾರಿದ ಹುಡುಗನನ್ನು ತೆಗೆದುಕೊಳ್ಳಿ. 50 ಸೆಂಟಿನ ಹಳೆಯ ಕಾಲದಲ್ಲಿ ಅವನಿಗೆ ಉಳಿಯುತ್ತಿದ್ದದ್ದು 30 ಸೆಂಟ್. ಬೆಲೆ 60 ಆದಮೇಲೆ 20 ಸೆಂಟ್, ಅಂದರೆ ಗಳಿಕೆಯಲ್ಲಿ ಮೂರನೇ ಒಂದು ಭಾಗ ಹೋಯಿತು. ರಾಜಿಯ ನಂತರ ಅವನು 20 ಪ್ರತಿ ಹಿಂತಿರುಗಿಸಿ, ಮಾರಿದ 80ರ ಮೇಲೆ 32 ಸೆಂಟ್ ಗಳಿಸುತ್ತಾನೆ. ಮುಷ್ಕರದಲ್ಲಿ ಬೇಡಿದ್ದ ಹಳೆಯ ಬೆಲೆಯೇ ಸಿಕ್ಕಿದ್ದರೂ ಇಷ್ಟು ಬರುತ್ತಿರಲಿಲ್ಲ. ಕೊಂಡ 100ರಲ್ಲಿ 83 ಅಥವಾ ಅದಕ್ಕಿಂತ ಕಡಿಮೆ ಮಾರುವ ಯಾವ ಹುಡುಗನಿಗಾದರೂ ಈ ರಾಜಿ ಹಳೆಯ ಬೆಲೆಗಿಂತ ಲಾಭದ್ದು. ಪೂರ್ತಿ ಮಾರಿಬಿಡುವ ಚುರುಕಿನ ಹುಡುಗನಿಗೆ 10 ಸೆಂಟ್ ನಷ್ಟವಾಯಿತೆಂಬುದು ನಿಜ. ಆದರೆ ಚಿಕ್ಕವನಿಗೆ, ಹೊಸಬನಿಗೆ, ಮಳೆಯ ದಿನಕ್ಕೆ, ಸಪ್ಪೆ ಸುದ್ದಿಯ ದಿನಕ್ಕೆ ಇದು ರಕ್ಷಣೆ. ಕಡಿಮೆ ಪ್ರತಿ ಕೊಂಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಹೆದರಿ ಕಡಿಮೆ ಕೊಂಡವನು ಸುದ್ದಿ ಜೋರಾದ ದಿನ ಗಿರಾಕಿಯನ್ನು ಬರಿಗೈಲಿ ಕಳಿಸಬೇಕಾಗುತ್ತದೆ, ಆ ಒಂದು ದಿನವೇ ಅವನ ವಾರದ ಹಸಿವನ್ನು ನೀಗಿಸಬಲ್ಲದ್ದು.

ಬೀದಿ ಹುಡುಗರ ಜಾಗಕ್ಕೆ ಗೂಡಂಗಡಿಯ, ಅಂದರೆ ಸ್ಟ್ಯಾಂಡಿನ, ವಯಸ್ಕರು ಬಂದದ್ದು ನಿಧಾನವಾಗಿ. 1903ರ ನ್ಯೂಯಾರ್ಕ್ ರಾಜ್ಯದ ಕಾನೂನು 10 ವರ್ಷದೊಳಗಿನ ಹುಡುಗರು, 16ರೊಳಗಿನ ಹುಡುಗಿಯರು ಬೀದಿಯಲ್ಲಿ ಪತ್ರಿಕೆ ಮಾರುವುದನ್ನು ನಿಷೇಧಿಸಿತು. 1908ರಿಂದ ಲೂಯಿಸ್ ಹೈನ್ ತೆಗೆದ ಛಾಯಾಚಿತ್ರಗಳು ಈ ಮಕ್ಕಳ ಸ್ಥಿತಿಯನ್ನು ದೇಶದ ಕಣ್ಣಿಗೆ ತಂದವು. ಅತ್ತ ಕಂಬಗಳ ಮೇಲೆ ಓಡುವ ರೈಲಿನ ಮೆಟ್ಟಿಲ ಬುಡದಲ್ಲಿ, 1904ರಲ್ಲಿ ಶುರುವಾದ ಸಬ್‌ವೇಯ ಬಾಯಲ್ಲಿ ಹಲಗೆಯ ಸ್ಟ್ಯಾಂಡುಗಳು ನೆಲೆಯಾದವು. ಸ್ಟ್ಯಾಂಡಿನವನ ದಿನದ ಕೊನೆಯ ಕೆಲಸ ವಾಪಸಿನ ಲೆಕ್ಕ. ಕೆಲವು ಕಡೆ ಇಡೀ ಪತ್ರಿಕೆ ಕಳಿಸಬೇಕಿರಲಿಲ್ಲ: ಮುಖಪುಟದ ಮೇಲ್ಭಾಗದಲ್ಲಿ ಹೆಸರು, ತಾರೀಖು ಇರುವ ಪಟ್ಟಿಯನ್ನು ಹರಿದು, ನಿಯತಕಾಲಿಕವಾದರೆ ರಕ್ಷಾಪುಟ ಕಿತ್ತು, ಎಣಿಸಿ ಕಟ್ಟಿ ಕೊಟ್ಟರೆ ಸಾಕು. ಸಾಗಣೆ ಖರ್ಚು ಉಳಿಯುತ್ತಿತ್ತು, ಉಳಿದ ಹಾಳೆ ರದ್ದಿಗೆ ಹೋಗುತ್ತಿತ್ತು. ಕರ್ನಾಟಕದ ಊರುಗಳಲ್ಲಿ ಪತ್ರಿಕೆ ಹೆಚ್ಚಾಗಿ ತಿಂಗಳ ಲೆಕ್ಕದಲ್ಲಿ ಮನೆ ಬಾಗಿಲಿಗೇ ಬರುವುದರಿಂದ ನಾಳೆ ಎಷ್ಟು ಬೇಕೆಂಬುದು ಏಜೆಂಟನಿಗೆ ಹಿಂದಿನ ದಿನವೇ ಹೆಚ್ಚುಕಡಿಮೆ ಗೊತ್ತಿರುತ್ತದೆ. ಬಸ್‌ಸ್ಟ್ಯಾಂಡಿನ ಬಿಡಿ ಮಾರಾಟಗಾರನನ್ನು ಬಿಟ್ಟರೆ ಉಳಿಕೆಯ ಭಯ ನಮ್ಮಲ್ಲಿ ನ್ಯೂಯಾರ್ಕಿನಷ್ಟು ತೀವ್ರವಲ್ಲ.

ವಾಪಸಿನ ಹಕ್ಕು ಸಿಕ್ಕ ಮೇಲೂ ಮಾರುವವನು ಯಾರು, ವ್ಯಾಪಾರಿಯೋ ನೌಕರನೋ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಸ್ಪಷ್ಟ ಉತ್ತರ ಬಂದದ್ದು ಲಾಸ್ ಏಂಜಲೀಸಿನ ಮೊಕದ್ದಮೆಯೊಂದರಲ್ಲಿ, 1944ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಿಂದ. ಅಲ್ಲಿನ ಖಾಯಂ ಮೂಲೆಗಳಲ್ಲಿ ಮಾರುತ್ತಿದ್ದವರನ್ನು ‘ಹುಡುಗರು’ ಎಂದು ಕರೆದರೂ ಅವರು ವಯಸ್ಕರು. ಕೊಳ್ಳುವ ಬೆಲೆ, ಮಾರುವ ಬೆಲೆ ಎರಡೂ ಪತ್ರಿಕೆಯವರದು. ನಿಲ್ಲುವ ಜಾಗ, ಹೊತ್ತು ಅವರು ಹೇಳಿದ್ದು. ಪತ್ರಿಕೆ ಇಡುವ ರ‍್ಯಾಕು, ಚಿಲ್ಲರೆ ಹಾಕಿಕೊಳ್ಳುವ ಏಪ್ರನ್ನು ಕೂಡ ಬಹುಮಟ್ಟಿಗೆ ಅವರೇ ಕೊಟ್ಟದ್ದು. ಇಂಥವರು ಕಾರ್ಮಿಕ ಕಾನೂನಿನ ಮಟ್ಟಿಗೆ ನೌಕರರೇ, ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು ಅವರಿಗಿದೆ ಎಂದು ಕೋರ್ಟು ಹೇಳಿತು. ಮೂರು ವರ್ಷ ಕಳೆದ ಮೇಲೆ, 1947ರಲ್ಲಿ, ಅಮೆರಿಕದ ಸಂಸತ್ತು ಟಾಫ್ಟ್-ಹಾರ್ಟ್ಲಿ ಕಾಯ್ದೆಯಿಂದ ಸ್ವತಂತ್ರ ಗುತ್ತಿಗೆದಾರರನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ತೀರ್ಪಿನ ಬೆನ್ನೆಲುಬು ಮುರಿಯಿತು. ಅದೇ ವರ್ಷ ಫ್ರಾನ್ಸ್ ಬಿಷೆ ಕಾನೂನಿನ ಮೂಲಕ ಬೇರೆ ದಾರಿ ಹಿಡಿಯಿತು. ಹಲವು ಪತ್ರಿಕೆಗಳನ್ನು ಒಟ್ಟಾಗಿ ಹಂಚುವುದಾದರೆ ಸಹಕಾರಿ ವ್ಯವಸ್ಥೆಯೇ ಹಂಚಬೇಕು, ಉಳಿದದ್ದು ವಾಪಸಾಗಬೇಕು, ಸಣ್ಣ ಪತ್ರಿಕೆಗೂ ಪ್ಯಾರಿಸಿನ ಕಿಯಾಸ್ಕಿನಲ್ಲಿ ಜಾಗ ಸಿಗಬೇಕು ಎಂಬುದು ಅದರ ಆಶಯ. ವಾಪಸಿನ ಹಕ್ಕೊಂದೇ ಸಾಕೆನ್ನುವವರು ಇದನ್ನು ಗಮನಿಸಬೇಕು: ಕಳಿಸಿದ್ದನ್ನೆಲ್ಲ ಇಟ್ಟುಕೊಳ್ಳಲೇಬೇಕಾದ್ದರಿಂದ ಫ್ರೆಂಚ್ ಕಿಯಾಸ್ಕಿನವನು ಮಾರಾಟವಾಗದ ಶೀರ್ಷಿಕೆಗಳ ಕಟ್ಟು ಬಿಚ್ಚುವುದರಲ್ಲೇ ಸಮಯ ಕಳೆಯುತ್ತಿದ್ದ. ಯಾವುದನ್ನು ಇಡಬೇಕೆಂಬುದರಲ್ಲಿ ಅವನಿಗೆ ಒಂದಿಷ್ಟು ಆಯ್ಕೆ ಸಿಕ್ಕಿದ್ದು 2019ರ ತಿದ್ದುಪಡಿಯಲ್ಲಿ. ನಷ್ಟದಿಂದ ಪಾರಾಗುವುದು, ತನ್ನ ಸರಕನ್ನು ತಾನೇ ಆರಿಸುವುದು ಎರಡೂ ಒಟ್ಟಿಗೆ ಬೇಕು. ನನಗೆ ತಿಳಿದಂತೆ ಯಾವ ದೇಶವೂ ಇವೆರಡನ್ನೂ ಪೂರ್ತಿಯಾಗಿ ಕೊಟ್ಟಿಲ್ಲ.

ಸ್ಟ್ಯಾಂಡನ್ನು ಇಂಟರ್‌ನೆಟ್ ಕೊಂದಿತು, ಆದ್ದರಿಂದ ಈ ಹಳೆಯ ಪ್ರಶ್ನೆಗೆ ಈಗ ಅರ್ಥವಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಕುಸಿತ ಅದಕ್ಕೂ ಹಳೆಯದು. 1962-63ರ 114 ದಿನಗಳ ಮುದ್ರಣ ಮುಷ್ಕರದ ನಂತರ ನ್ಯೂಯಾರ್ಕಿನ ಪತ್ರಿಕೆಗಳು ಒಂದೊಂದಾಗಿ ಮುಚ್ಚಿ, 1967ರ ಹೊತ್ತಿಗೆ ‘ಟೈಮ್ಸ್’, ‘ಡೈಲಿ ನ್ಯೂಸ್’, ‘ಪೋಸ್ಟ್’ ಎಂಬ ಮೂರು ಪ್ರಮುಖ ದಿನಪತ್ರಿಕೆಗಳಷ್ಟೇ ಉಳಿದವು. ಕೆಲಸ ಬಿಟ್ಟು ಮನೆಗೆ ಹೋಗುವವರು ಕೊಳ್ಳುತ್ತಿದ್ದ ಸಂಜೆ ಪತ್ರಿಕೆಗಳನ್ನು ಟಿವಿ ನುಂಗಿತು. 2003-04ರಲ್ಲಿ ‘ಎಎಮ್ ನ್ಯೂಯಾರ್ಕ್’, ‘ಮೆಟ್ರೊ’ ಪತ್ರಿಕೆಗಳನ್ನು ಸಬ್‌ವೇ ಬಾಗಿಲಲ್ಲಿ ಪುಕ್ಕಟೆ ಹಂಚತೊಡಗಿದಾಗ, ಪಕ್ಕದಲ್ಲೇ ದುಡ್ಡಿಗೆ ಮಾರುವವನ ಗತಿ ಊಹಿಸಬಹುದು. ಆ ವೇಳೆಗೆ ಸ್ಟ್ಯಾಂಡಿನಲ್ಲಿ ಕುಳಿತವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ವಲಸೆ ಹೋದವರು ಬಹಳ ಮಂದಿ. ನೀರಿನ ಬಾಟಲಿ, ಚಾಕಲೇಟು, ಸಿಗರೇಟು, ಲಾಟರಿ ಚೀಟಿಗಳಿಂದ ಅವರ ದಿನ ಸಾಗುತ್ತಿತ್ತು. ಅಪಾಯ ಹೊರುವವರು ಬದಲಾದರೂ ಅಪಾಯ ಹಂಚಿಕೆ ಬದಲಾಗಲಿಲ್ಲ. 2003ರ ನಗರ ಕಾನೂನು ಪಾದಚಾರಿ ದಾರಿಯ ಸ್ಟ್ಯಾಂಡುಗಳನ್ನು ಬಸ್ ತಂಗುದಾಣಗಳ ಜೊತೆ ಒಂದೇ ಗುತ್ತಿಗೆಗೆ ಸೇರಿಸಿತು. 2006ರಲ್ಲಿ ಸೆಮುಸಾ ಕಂಪನಿಗೆ ಆ ಗುತ್ತಿಗೆ ಸಿಕ್ಕಿತು. ಮಾರುವವರು ತಮ್ಮ ಹಣ ಹಾಕಿ ಕಟ್ಟಿಸಿಕೊಂಡಿದ್ದ ಹಳೆಯ ಸ್ಟ್ಯಾಂಡುಗಳು ಹೋಗಿ ಉಕ್ಕು, ಗಾಜಿನ ಹೊಸವು ಬಂದವು. ಅವುಗಳ ಮೈಮೇಲಿನ ಜಾಹೀರಾತಿನ ವರಮಾನ ಕಂಪನಿಗೂ ನಗರಾಡಳಿತಕ್ಕೂ ಹೋಗತೊಡಗಿತು. ಒಳಗೆ ಕುಳಿತವನಿಗೆ ಉಳಿದದ್ದು ಲೈಸೆನ್ಸು ಮಾತ್ರ. ತಂದ ಸರಕು ಖರ್ಚಾಗದಿದ್ದರೆ ಆಗುವ ನಷ್ಟ ತುಂಬಲು ಆ ವರಮಾನದಲ್ಲಿ ಅವನಿಗೆ ಪಾಲಿರಲಿಲ್ಲ.