ಕೇಳುವವರು ಹೇಳುವವರಾದ ಕಥೆ

ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದನೆಂದರೆ ಲಕ್ಷಾಂತರ ಜನ ಗಪ್ಪಾಗುತ್ತಾರೆ. ಅವನಾಡುವ ಒಂದೇ ಸಾಲಿನಲ್ಲಿ ವರ್ಷದ ಮಳೆ-ಬೆಳೆ ಹುಡುಕುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ನಮಗೆ ಕೇಳುವುದು ಹೊಸದಲ್ಲ. ಡಂಗುರ ಕೇಳಿದೆವು, ಆಮೇಲೆ ರೇಡಿಯೋ ಕೇಳಿದೆವು. ರೊಟ್ಟಿ ಬಡಿಯುತ್ತಲೇ ಬಾಣಂತಿ ಆರೈಕೆಯಿಂದ ಬಿತ್ತನೆ ಬೀಜದವರೆಗೆ ತಿಳಿದುಕೊಂಡೆವು. ಆದರೆ ‘ನಮ್ಮೂರ ಬೋರ್‌ವೆಲ್ ಕೆಟ್ಟಿದೆ’ ಎಂದು ತಿರುಗಿ ಹೇಳೋಣವೆಂದರೆ, ಆ ಪೆಟ್ಟಿಗೆಗೆ ಬಾಯಿತ್ತೇ ಹೊರತು ಕಿವಿ ಇರಲಿಲ್ಲ.

ಆ ಕಿವಿ ಮೂಡಿದ್ದು ದೂರದ, ಆದರೆ ನಮ್ಮಂತೆಯೇ ನೀರಿಗೆ ಬಾಯಿಬಿಡುವ ಕೋಲಾರ ಜಿಲ್ಲೆಯಲ್ಲಿ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅಲ್ಲಿ ಮೈರಾಡ ಸಂಸ್ಥೆಯ ಆಸರೆಯಲ್ಲಿ ಮಹಿಳೆಯರ ಉಳಿತಾಯ ಸಂಘಗಳು ಬೆಳೆದಿದ್ದವು. ಬೆಂಗಳೂರಿನ ವಾಯ್ಸಸ್ ಸಂಸ್ಥೆಯೂ ಯುನೆಸ್ಕೋವೂ ಕೈಜೋಡಿಸಿ, ಈ ಶತಮಾನದ ಮೊದಲ ವರ್ಷಗಳಲ್ಲಿ ‘ನಮ್ಮ ಧ್ವನಿ’ ಎಂಬ ಪುಟ್ಟ ಧ್ವನಿಮುದ್ರಣ ಕೇಂದ್ರ ತಲೆಯೆತ್ತಿತು.

ತೊಡಕು ಬಂದದ್ದು ಪರವಾನಗಿಯಲ್ಲಿ. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳು ರೇಡಿಯೋ ಕೇಂದ್ರ ನಡೆಸುವಂತಿರಲಿಲ್ಲ. ಹೆಂಗಸರೇನು ಕೈಕಟ್ಟಿ ಕೂರಲಿಲ್ಲ. ಮುದ್ರಿಸಿದ್ದನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು, ಆಮೇಲೆ ಟಿ.ವಿ. ಕೇಬಲ್ಲಿನಲ್ಲೇ ಮನೆಗಳಿಗೆ ಹರಿಸಿದರು. ಗಾಳಿ ಬೇಡವೆಂದರೆ ತಂತಿ! ಆರೋಗ್ಯ, ಉಳಿತಾಯ, ಬೆಳೆ, ಹಾಡು, ಕುಡಿಯುವ ನೀರಿನ ಬವಣೆ ಎಲ್ಲವೂ ಊರಿನವರದೇ ದನಿಯಲ್ಲಿ. ನಲ್ಲಿಯ ಮುಂದೆ ಗೊಣಗಿ ಮುಗಿಯುತ್ತಿದ್ದ ದೂರು ಊರಿಗೆಲ್ಲ ಕೇಳಿಸಿದ ಮೇಲೆ, ‘ನಮಗೆ ಗೊತ್ತಿರಲಿಲ್ಲ’ ಎನ್ನುವುದು ಯಾವ ಪಂಚಾಯ್ತಿಗೂ ಸುಲಭವಲ್ಲ.

ಬೀದರ್ ಗಡಿಯಾಚೆ, ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರೂ ಹೀಗೆಯೇ ಕ್ಯಾಸೆಟ್ಟುಗಳನ್ನು ಮುದ್ರಿಸುತ್ತ ವರ್ಷಗಟ್ಟಲೆ ಕಾದರು. 2006ರ ನವೆಂಬರಿನಲ್ಲಿ ಸರ್ಕಾರದ ನೀತಿ ಸಡಿಲವಾಯಿತು. 2008ರ ಅಕ್ಟೋಬರಿನಲ್ಲಿ ಅವರ ‘ಸಂಘಂ ರೇಡಿಯೋ’ ಪ್ರಸಾರ ಆರಂಭಿಸಿತು.

ಎರಡೂ ಕಡೆ ಗಮನಿಸಬೇಕಾದ ಮಾತೊಂದಿದೆ. ಮೈಕಿಗಿಂತ ಮೊದಲು ಸಂಘವಿತ್ತು. ಒಟ್ಟಿಗೆ ಕೂತು ಐದೋ ಹತ್ತೋ ರೂಪಾಯಿಯ ಲೆಕ್ಕ ಹೇಳಿ ರೂಢಿಯಾಗಿದ್ದ ಬಾಯಿಗೆ ಯಂತ್ರ ಸಿಕ್ಕಿತು, ಅಷ್ಟೆ. ಬಾಯಿ ಕಟ್ಟಿಹಾಕಿದವರ ಮುಂದೆ ಎಂಥ ಯಂತ್ರವಿಟ್ಟರೇನು?

ಈಗ ನಮ್ಮಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಮೊಬೈಲ್ ಇದೆ. ನಮ್ಮ ಈ ಸೀಮೆಯಲ್ಲೂ ಬಳಕೆಯಲ್ಲಿದ್ದ ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಆ ತಾಯಂದಿರ ಬಗ್ಗೆ ವೇದಿಕೆಗಳಲ್ಲಿ ಬಹಳ ಜನ ಬಹಳ ಮಾತಾಡಿದ್ದಾರೆ. ಅವರೇ ಮಾತಾಡಲೆಂದು ಮೈಕನ್ನು ಅವರತ್ತ ತಿರುಗಿಸಿ, ನಾವು ‘ಸದ್ದಲೇ’ ಎಂದು ಗಪ್ಪಾಗಿ ಕೂತದ್ದು ಎಷ್ಟು ಸಲ?