ಒಂದೇ ನಂಬರು, ಬೇರೆ ಬೇರೆ ಡಿವಿಷನ್ನು



ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಹಿರಿಯರು ಹೇಳಿದ್ದು ರೇಡಿಯೋ ಬರುವುದಕ್ಕಿಂತ ಎಷ್ಟೋ ಮೊದಲು. ಆದರೆ ಮೈಕಿನ ಮುಂದೆ ಕೂರುವವರಿಗೆ ಈ ಗಾದೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಾರದೇನೋ! ಪತ್ರಿಕೆಯವರಾದರೆ ಮಾರನೆಯ ದಿನ ತಿದ್ದುಪಡಿ ಹಾಕುತ್ತಾರೆ. ನಮ್ಮ ತಪ್ಪು ಗಾಳಿಯಲ್ಲಿ ಹೊರಟರೆ ಅದನ್ನು ಹಿಂದೆ ಕರೆಯುವುದು ಹೇಗೆ?

ಈ ಸಲದ ಬರಹ ಅಂಥ ನನ್ನದೇ ಒಂದು ತಪ್ಪಿನ ಕತೆ.

ಜನವರಿ 27ರ ನಮ್ಮ ಕನ್ನಡ ವೇಳೆಯಲ್ಲಿ 'ಈ ದಿನದ ಇತಿಹಾಸ' ಓದುತ್ತಿದ್ದೆ. 1945ರಲ್ಲಿ ಅದೇ ದಿನ ಸೋವಿಯತ್ ಸೈನಿಕರು ಪೋಲೆಂಡಿನ ಆಶ್ವಿಟ್ಜ್ ಶಿಬಿರದ ಬಾಗಿಲು ತೆರೆದರು. ಒಳಗೆ ಜೀವ ಹಿಡಿದುಕೊಂಡಿದ್ದವರು ಸುಮಾರು 7,000 ಮಂದಿ. ಅಲ್ಲಿಗೆ ಹೋದ ಪಡೆಗಳಲ್ಲಿ 100ನೇ ರೈಫಲ್ ಡಿವಿಷನ್ ಒಂದು. ಇಷ್ಟು ಸರಿ. ನಾನು ಸುಮ್ಮನಿರದೆ, "ಇದೇ 100ನೇ ಡಿವಿಷನ್ 1941ರಲ್ಲಿ ಯೆಲ್ನಿಯಾ ಕಾಳಗದಲ್ಲಿ ಗೆದ್ದು ಗಾರ್ಡ್ಸ್ ಎಂಬ ಗೌರವ ಪಡೆದಿತ್ತು" ಅಂತ ಒಂದು ಸಾಲು ಸೇರಿಸಿಬಿಟ್ಟೆ. ಕೇಳಲು ಚೆನ್ನಾಗಿತ್ತು. ಎರಡು ಕಡೆ ಓದಿದ್ದನ್ನು ನಾನೇ ಹೊಲಿದಿದ್ದೆ.

ಮೂರನೆಯ ದಿನ ವಿಜಯವಾಡದಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ದುಂಡನೆಯ ಅಕ್ಷರ. "ನೀವು ಹೇಳಿದ ಎರಡೂ ಡಿವಿಷನ್ನುಗಳ ನಂಬರು ಒಂದೇ. ಡಿವಿಷನ್ನುಗಳು ಮಾತ್ರ ಬೇರೆ ಬೇರೆ. ಸತ್ತವರ ಲೆಕ್ಕ ಅದಲು ಬದಲಾಗಬಾರದು. ಈ ಕಡೆ ಬಂದಾಗ ಮನೆಗೆ ಬನ್ನಿ."

ಬೇರೆ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೊರಟಿದ್ದವಳು ವಿಜಯವಾಡದಲ್ಲಿ ಇಳಿದೆ.

ಪತ್ರ ಬರೆದವರು ಎಂಬತ್ತರ ಹತ್ತಿರದ ಹಿರಿಯರು. ಅವರ ತಂದೆಯದು ಬಳ್ಳಾರಿ ಜಿಲ್ಲೆ; ಯುದ್ಧ ಮುಗಿದ ಮೇಲೆ ಲಾರಿ ಕೆಲಸ ಹುಡುಕಿಕೊಂಡು ಕೃಷ್ಣಾ ತೀರಕ್ಕೆ ಬಂದವರು. ಮನೆಯಲ್ಲಿ ಮಾತು ಕನ್ನಡ, ಹೊರಗೆ ತೆಲುಗು. ಒಂದು ಗೋಡೆಯ ತುಂಬ ಪುಸ್ತಕ. ಏಲೂರು ರಸ್ತೆಯ ಅಂಗಡಿಗಳಲ್ಲೂ ಜನವರಿಯ ಪುಸ್ತಕೋತ್ಸವದಲ್ಲೂ ಕೊಂಡದ್ದು. ಅರ್ಧಕ್ಕರ್ಧ ಮಾಸ್ಕೋದಲ್ಲಿ ಅಚ್ಚಾದವು. ಬೆಂಗಳೂರಿನಲ್ಲಿ ಬೆಳೆದವರಿಗೆ ನವಕರ್ನಾಟಕದ ಅಂಗಡಿ ಹೇಗೋ, ಆಂಧ್ರದವರಿಗೆ ವಿಶಾಲಾಂಧ್ರದ ಅಂಗಡಿ ಹಾಗೆ. ಕಡಿಮೆ ಬೆಲೆಗೆ ದಪ್ಪ ರಟ್ಟಿನ ಸೋವಿಯತ್ ಪುಸ್ತಕ ಸಿಗುತ್ತಿದ್ದ ಕಾಲ ನಿಮಗೂ ನೆನಪಿರಬಹುದು.

"ಕೂತ್ಕೊಳಮ್ಮಾ, ಮೊದಲು ಕಾಫಿ, ಆಮೇಲೆ ಜಗಳ" ಅಂದರು.

ಆಮೇಲೆ ವಿವರಿಸಿದರು. 1941ರ ಜೂನ್ 22ರಂದು ಜರ್ಮನಿ ದಾಳಿ ಮಾಡಿದಾಗ ಕೆಂಪು ಸೇನೆಯ ಎಷ್ಟೋ ಡಿವಿಷನ್ನುಗಳು ಕೆಲವೇ ವಾರಗಳಲ್ಲಿ ಸುತ್ತುವರಿಯಲ್ಪಟ್ಟು ನಾಶವಾದವು. ನಂಬರು ಖಾಲಿಯಾಯಿತು. ಇನ್ನೆಲ್ಲೋ ಸಾವಿರಾರು ಮೈಲಿ ದೂರದಲ್ಲಿ ಹೊಸ ಹುಡುಗರನ್ನು ಸೇರಿಸಿ ಕಟ್ಟಿದ ಹೊಸ ಡಿವಿಷನ್ನಿಗೆ ಅದೇ ನಂಬರು ಬಂತು. ನಂಬರು ಖಾಲಿಯಾಗಲು ಇನ್ನೊಂದು ದಾರಿಯೂ ಇತ್ತು. ಚೆನ್ನಾಗಿ ಕಾದಾಡಿದ ಡಿವಿಷನ್ನಿಗೆ 'ಗಾರ್ಡ್ಸ್' ಎಂಬ ಗೌರವ ಕೊಟ್ಟು ಹೊಸ ನಂಬರು ಹಚ್ಚುತ್ತಿದ್ದರು. 1941ರ ಸೆಪ್ಟೆಂಬರ್ 18ರಂದು ಮೊದಲ ಸಲ ಹೀಗೆ 100, 127, 153 ಮತ್ತು 161ನೇ ಡಿವಿಷನ್ನುಗಳು 1ರಿಂದ 4ರವರೆಗಿನ ಗಾರ್ಡ್ಸ್ ಡಿವಿಷನ್ನುಗಳಾದವು. ಖಾಲಿ ಉಳಿದ 100ನೇ ನಂಬರನ್ನು 1942ರಲ್ಲಿ ಉತ್ತರದ ವೊಲೊಗ್ದಾದಲ್ಲಿ ಕಟ್ಟಿದ ಹೊಸ ಡಿವಿಷನ್ನಿಗೆ ಕೊಟ್ಟರು. ಆಶ್ವಿಟ್ಜ್‌ಗೆ ಹೋದದ್ದು ಈ ಎರಡನೆಯದು. ಯೆಲ್ನಿಯಾದಲ್ಲಿ ಗೆದ್ದದ್ದು ಮೊದಲನೆಯದು!

ಇನ್ನೂ ಸಿಕ್ಕಾದ ಲೆಕ್ಕಗಳಿವೆ. ಸ್ಟಾಲಿನ್‌ಗ್ರಾದ್ ಕಾಳಗದಲ್ಲಿ 1942ರ ಸೆಪ್ಟೆಂಬರಿನಲ್ಲಿ ವೋಲ್ಗಾ ದಾಟಿ ನಗರ ಉಳಿಸಲು ನಿಂತ ರೋದಿಮ್‌ತ್ಸೆವ್ ಅವರ 13ನೇ ಗಾರ್ಡ್ಸ್ ಡಿವಿಷನ್ ಹೆಸರು ಇತಿಹಾಸ ಓದಿದವರು ಕೇಳಿರುತ್ತಾರೆ. ಗಾರ್ಡ್ಸ್ ಆಗುವ ಮೊದಲು ಅದು 87ನೇ ರೈಫಲ್ ಡಿವಿಷನ್. ಅದಕ್ಕೂ ಮೊದಲು ಪ್ಯಾರಾಶೂಟ್ ಪಡೆ, 3ನೇ ಏರ್‌ಬೋರ್ನ್ ಕೋರ್. ಅದಕ್ಕಿಂತ ಮುಂಚೆ ಬೇರೊಂದು 87 ಇತ್ತು, ಅದು 1941ರಲ್ಲೇ ಮುಗಿದುಹೋಗಿತ್ತು. ಇದು ಗಾರ್ಡ್ಸ್ ಆದಮೇಲೆ ಮೂರನೆಯ 87 ಹುಟ್ಟಿತು, ಅದೂ 1942ರ ಡಿಸೆಂಬರಿನಲ್ಲಿ ಸ್ಟಾಲಿನ್‌ಗ್ರಾದಿನ ಕಡೆಯೇ ಕಾದಾಡಿತು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವಲ್ಲ, ಹಾಗೆ. ಆದರೆ ಇಲ್ಲಿ ರಕ್ತಸಂಬಂಧವಿಲ್ಲ, ಹೆಸರು ಮಾತ್ರ.

"ಒಂದು ಡಿವಿಷನ್ ಅಂದರೆ ಎಷ್ಟು ಜನ?" ಅಂತ ಕೇಳಿದೆ.

"ಕಾಗದದಲ್ಲೋ, ಕಂದಕದಲ್ಲೋ?" ಅಂತ ನಕ್ಕರು. 1941ರ ಏಪ್ರಿಲಿನ ಪಟ್ಟಿಯ ಪ್ರಕಾರ ರೈಫಲ್ ಡಿವಿಷನ್ನಿಗೆ 14,483 ಜನ. ಯುದ್ಧ ಶುರುವಾದ ಮರು ತಿಂಗಳೇ ಅದನ್ನು 10,859ಕ್ಕೆ ಇಳಿಸಿದರು. 1942ರ ಡಿಸೆಂಬರಿನಲ್ಲಿ 9,435. ಕಾಳಗದ ನಡುವೆ ಇದರ ಅರ್ಧ ಇದ್ದರೂ ದೊಡ್ಡದು. ಹಾಗಾಗಿ 'ಒಂದು ಡಿವಿಷನ್ ಹೋರಾಡಿತು' ಅಂತ ಓದಿದ ಕೂಡಲೇ ಹತ್ತು ಸಾವಿರ ಜನರನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. ಆ ವಾರದ ಲೆಕ್ಕ ನೋಡಬೇಕು.

ಆ ಲೆಕ್ಕ ಸಿಗುವುದು ಮಾಸ್ಕೋ ಬಳಿಯ ಪೊದೋಲ್ಸ್ಕ್ ಊರಿನ ರಕ್ಷಣಾ ಸಚಿವಾಲಯದ ದಾಖಲೆ ಭಂಡಾರದಲ್ಲಿ. ಡಿವಿಷನ್ನಿನ ಯುದ್ಧ ದಿನಚರಿ, ಸತ್ತವರ ಮತ್ತು ಕಾಣೆಯಾದವರ ಪಟ್ಟಿ, ಪದಕಕ್ಕೆ ಮಾಡಿದ ಶಿಫಾರಸು ಎಲ್ಲವೂ ಅಲ್ಲಿವೆ. ಬಹುಪಾಲು ದಶಕಗಳ ಕಾಲ ಬೀಗದೊಳಗಿದ್ದವು. 2007ರಲ್ಲಿ ಗುಟ್ಟಿನ ಮುದ್ರೆ ತೆಗೆಯುವ ಆದೇಶವಾಯಿತು, ಅದೇ ವರ್ಷ ಸತ್ತವರ ಪಟ್ಟಿಗಳು ಇಂಟರ್‌ನೆಟ್ಟಿಗೆ ಬಂದವು. ಪದಕದ ಕಾಗದಗಳು 2010ರಲ್ಲಿ, ಯುದ್ಧ ದಿನಚರಿಗಳು 2015ರಿಂದ. ಅಲ್ಲಿಯವರೆಗೆ ಡಿವಿಷನ್ನಿನ ಇತಿಹಾಸ ಎಂದರೆ ಹಳೆಯ ದಂಡನಾಯಕರು ನೆನಪಿನಿಂದ ಬರೆದದ್ದು, ಮೇಲಿನವರು ನೋಡಿ ಒಪ್ಪಿದ್ದು.

ಅದರಲ್ಲಿ ಎಡವಟ್ಟು ಆಗುತ್ತದೆಯೇ? ಆಗುತ್ತದೆ. ಇದಕ್ಕೆ ಪ್ರಸಿದ್ಧ ಉದಾಹರಣೆ 316ನೇ ಡಿವಿಷನ್ನಿನದು. 1941ರ ಜುಲೈನಲ್ಲಿ ಆಲ್ಮಾ-ಅತಾದಲ್ಲಿ ಕಜಕ್, ಕಿರ್ಗಿಜ್, ರಷ್ಯನ್ ಜನರನ್ನು ಸೇರಿಸಿ ಜನರಲ್ ಪನ್‌ಫಿಲೋವ್ ಕಟ್ಟಿದ ಪಡೆ. ಮಾಸ್ಕೋ ಬಾಗಿಲಲ್ಲಿ ಜರ್ಮನ್ ಟ್ಯಾಂಕುಗಳನ್ನು ತಡೆದು, ನವೆಂಬರ್ 18ರಂದು 8ನೇ ಗಾರ್ಡ್ಸ್ ಆಯಿತು. ಅದೇ ದಿನ ಪನ್‌ಫಿಲೋವ್ ತೀರಿಕೊಂಡರು. ಸೇನೆಯ ಪತ್ರಿಕೆಯಲ್ಲಿ ಒಂದು ಕತೆ ಬಂತು: ನವೆಂಬರ್ 16ರಂದು ದುಬೊಸೆಕೊವೊ ಬಳಿ 28 ಜನ ಕೊನೆಯವರೆಗೂ ನಿಂತು ಎಲ್ಲರೂ ಪ್ರಾಣಬಿಟ್ಟರು ಅಂತ. 1942ರ ಜುಲೈನಲ್ಲಿ ಆ 28 ಜನಕ್ಕೂ ಸತ್ತವರೆಂದೇ ಬಗೆದು 'ಸೋವಿಯತ್ ಒಕ್ಕೂಟದ ವೀರ' ಬಿರುದು ಬಂತು. ಆಮೇಲೆ ಏನಾಯಿತು ಗೊತ್ತೇ? ಕೆಲವರು ಬದುಕಿದ್ದರು! ಅವರಲ್ಲೊಬ್ಬರು ಜರ್ಮನರ ಕೈಕೆಳಗೆ ಪೊಲೀಸ್ ಕೆಲಸ ಮಾಡಿದ್ದರೆಂದು 1947ರಲ್ಲಿ ಬಂಧನವಾಯಿತು. 1948ರಲ್ಲಿ ಸೇನೆಯ ಮುಖ್ಯ ಪ್ರಾಸಿಕ್ಯೂಟರ್ ತನಿಖೆ ನಡೆಸಿ, ಆ ಕತೆ ಪತ್ರಕರ್ತರು ಹೆಣೆದದ್ದು ಅಂತ ವರದಿ ಕೊಟ್ಟರು. ವರದಿ ಕಪಾಟು ಸೇರಿತು. ಪಾಠಪುಸ್ತಕದಲ್ಲಿ ಕತೆಯೇ ಉಳಿಯಿತು. 2015ರಲ್ಲಿ ರಷ್ಯದ ರಾಷ್ಟ್ರೀಯ ದಾಖಲೆ ಭಂಡಾರ ಆ ವರದಿಯನ್ನು ಎಲ್ಲರೂ ಓದುವಂತೆ ಇಟ್ಟಾಗ ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

"ಆ ಡಿವಿಷನ್ ಕಾದಾಡಿದ್ದು ಸುಳ್ಳಲ್ಲಮ್ಮಾ" ಅಂದರು ಹಿರಿಯರು. "ನೂರಾರು ಜನ ಅಲ್ಲಿ ನಿಜವಾಗಿ ಸತ್ತಿದ್ದಾರೆ. 28ರ ಕತೆ ಹೇಳುತ್ತಾ ಹೇಳುತ್ತಾ ಉಳಿದವರ ಹೆಸರು ಮರೆತುಹೋಯಿತು. ನನಗೆ ಸಂಕಟ ಆಗುವುದು ಅದಕ್ಕೆ."

ಈ ಸಂಕಟ ಅವರಿಗೆ ಬಂದದ್ದು ಪುಸ್ತಕದಿಂದ ಮಾತ್ರವಲ್ಲ. ಒಳಗಿನಿಂದ ಒಂದು ತಗಡಿನ ಟ್ರಂಕು ತಂದರು. ತಂದೆಯ ಪೇಬುಕ್, ಡಿಸ್ಚಾರ್ಜ್ ಸರ್ಟಿಫಿಕೇಟು, ಹಿಮದಲ್ಲಿ ಲಾರಿಯ ಪಕ್ಕ ನಿಂತ ಒಂದು ಫೋಟೋ. ಅಪ್ಪ ರಷ್ಯನ್ನರ ಜೊತೆ ಸ್ಟಾಲಿನ್‌ಗ್ರಾದಿನಲ್ಲಿ ಕಾದಾಡಿದರು ಅಂತ ಅವರ ಮನೆಯಲ್ಲಿ ಎರಡು ತಲೆಮಾರು ಹೇಳಿಕೊಂಡು ಬಂದಿತ್ತು. ಮಗ ಕಾಗದಗಳನ್ನು ಹಿಡಿದು ಹುಡುಕಿದಾಗ ಸಿಕ್ಕದ್ದು ಬೇರೆ: ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರಿನ ಲಾರಿ ಡ್ರೈವರ್, ಇರಾನಿನಲ್ಲಿ.

ಅದೂ ಸಣ್ಣ ಕೆಲಸವಲ್ಲ. 1941ರ ಆಗಸ್ಟ್ 25ರಂದು ಬ್ರಿಟಿಷರ ಕಡೆಯಿಂದ 8 ಮತ್ತು 10ನೇ ಇಂಡಿಯನ್ ಡಿವಿಷನ್ನುಗಳು ದಕ್ಷಿಣ, ಪಶ್ಚಿಮದಿಂದ ಇರಾನಿಗೆ ನುಗ್ಗಿದವು. ಉತ್ತರದಿಂದ ಸೋವಿಯತ್ ಪಡೆ ಬಂತು. ಆಮೇಲೆ ಆ ದಾರಿಯಲ್ಲಿ ಯುದ್ಧ ಮುಗಿಯುವವರೆಗೆ ಸುಮಾರು 40 ಲಕ್ಷ ಟನ್ ಸಾಮಗ್ರಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಲಾರಿ, ಆಹಾರ, ಮದ್ದುಗುಂಡು ಎಲ್ಲವೂ. ಸಾಗಿಸಿದವರಲ್ಲಿ ನಮ್ಮವರಿದ್ದರು. ಇದೇ ಸರ್ವಿಸ್ ಕೋರಿನ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ 1944ರಲ್ಲಿ ಸೋವಿಯತ್ ಸರ್ಕಾರ 'ಆರ್ಡರ್ ಆಫ್ ದಿ ರೆಡ್ ಸ್ಟಾರ್' ಕೊಟ್ಟಿತು.

ಹಿರಿಯರು ಈ ವಿಷಯ ಮನೆಯವರಿಗೆ ಹೇಳಿದಾಗ ಅವರ ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದರಂತೆ. "ಅಪ್ಪನನ್ನು ವೀರನಿಂದ ಡ್ರೈವರ್ ಮಾಡಿದೆ ಅಂದ. ನಾನೇನು ಮಾಡಲಿ? ಅಪ್ಪ ಡ್ರೈವರೇ ಆಗಿದ್ದರು. ಮಂಜುಗಟ್ಟಿದ ಘಾಟಿಯಲ್ಲಿ ಲಾರಿ ಓಡಿಸಿದ್ದರು. ಅದು ಸಾಲದೇ?" ಅಂದರು. ಆ ಪ್ರಶ್ನೆ ಯಾರಿಗೆ ಕೇಳಿದ್ದೋ, ನನಗಂತೂ ಅಲ್ಲ.

ಹೊರಡುವಾಗ ಒಂದು ಕಿವಿಮಾತು ಹೇಳಿದರು. "ನಿಮ್ಮ ಬೆಂಗಳೂರಿನದೇ ಒಂದು ಡಿವಿಷನ್ ಇದೆ, ಅದನ್ನು ಹುಡುಕಿ ಹೇಳಿ. ಆಮೇಲೆ ರಷ್ಯಕ್ಕೆ ಹೋಗುವಿರಂತೆ!"

ಮಧ್ಯಾಹ್ನ ರೈಲು ಹಿಡಿದು ವಿಶಾಖಪಟ್ಟಣ ಸೇರಿದೆ. ಬೆಳಿಗ್ಗೆ ರಾಮಕೃಷ್ಣ ಬೀಚಿನಲ್ಲಿ ಕುರ್ಸುರಾ ಜಲಾಂತರ್ಗಾಮಿಯ ಒಳಗೆ ನಡೆದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1969ರಲ್ಲಿ ನಮ್ಮ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾಗಿ, 2002ರಿಂದ ಮ್ಯೂಸಿಯಂ ಆಗಿದೆ. ಶಾಲಾ ಮಕ್ಕಳು ಸಾಲುಗಟ್ಟಿದ್ದರು. ಇದೇ ಕಡಲಿನಲ್ಲಿ 1971ರ ಡಿಸೆಂಬರ್ 3ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಪಾಕಿಸ್ತಾನದ ಘಾಜಿ ಮುಳುಗಿತು. ಐಎನ್ಎಸ್ ರಜಪೂತ್ ಮುಳುಗಿಸಿತು ಎಂಬುದು ನಮ್ಮ ನೌಕಾಪಡೆಯ ಮಾತು. ಒಳಗೇ ಸ್ಫೋಟವಾಯಿತು ಎಂಬುದು ಆ ಕಡೆಯವರ ಮಾತು. ಗೆಲುವಿನ ಸ್ಮಾರಕ ಬೀಚಿನಲ್ಲೇ ಇದೆ. ಹಿಂದಿನ ದಿನ ಕೇಳಿದ್ದೆಲ್ಲ ಅದರ ಮುಂದೆ ನಿಂತಾಗ ಮತ್ತೆ ನೆನಪಾಯಿತು.

ಇನ್ನೂ ಹಿಂದಕ್ಕೆ ಹೋಗೋಣ. 1942ರ ಏಪ್ರಿಲ್ 6ರಂದು ಜಪಾನಿನ ರ್ಯೂಜೋ ಹಡಗಿನಿಂದ ಹಾರಿದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಕರಾವಳಿಯ ಜನ ಗಂಟುಮೂಟೆ ಕಟ್ಟಿದರು. ಮದರಾಸಿನ ಸರ್ಕಾರಿ ಕಚೇರಿಗಳೇ ಒಳನಾಡಿಗೆ ಹೊರಟವು. ದಕ್ಷಿಣ ಭಾರತವನ್ನು ಕಾಯುವವರು ಯಾರು ಎಂಬ ಪ್ರಶ್ನೆ ಎದ್ದಿತ್ತು. ಆ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದೇ 25ನೇ ಇಂಡಿಯನ್ ಡಿವಿಷನ್!

ಹಿರಿಯರು ಹೇಳಿದ್ದು ಇದನ್ನೇ. ಕಾವಲಿಗೆಂದು ಹುಟ್ಟಿದ ಈ ಡಿವಿಷನ್ 1944ರಲ್ಲಿ ಬರ್ಮಾದ ಅರಾಕಾನಿಗೆ ಹೋಯಿತು. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ಅದರ 51ನೇ ಬ್ರಿಗೇಡ್ ಭೀಕರ ಕಾಳಗ ಮಾಡಿತು. ಆ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳ ದಂಡನಾಯಕರು ಭಾರತೀಯರು: ಥೋರಟ್, ಸೇನ್, ಮತ್ತು ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಮುಂದೆ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಅದೇ ತಿಮ್ಮಯ್ಯನವರು. ಯುದ್ಧ ಮುಗಿದು 1946ರಲ್ಲಿ ಆ ಡಿವಿಷನ್ನನ್ನು ಮುಚ್ಚಿದರು. ಬೆಂಗಳೂರಿನಲ್ಲೇ ಓದಿ ಬೆಳೆದ ನನಗೆ ರೋದಿಮ್‌ತ್ಸೆವ್ ಗೊತ್ತು, ನಮ್ಮೂರಿನ ಡಿವಿಷನ್ ಗೊತ್ತಿರಲಿಲ್ಲ.

ಆ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯ ಸೇರಿದ್ದರು. 87,000ಕ್ಕೂ ಹೆಚ್ಚು ಜನ ಹಿಂತಿರುಗಲಿಲ್ಲ. ಅವರಲ್ಲಿ ಕನ್ನಡದವರನ್ನು ಹುಡುಕುವಾಗ ಒಂದು ಮಾತು ನೆನಪಿಡಿ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಮಂಗಳೂರು, ಕಾಸರಗೋಡು 1956ರವರೆಗೆ ಹಾಗೆಯೇ. ಧಾರವಾಡ, ಬಿಜಾಪುರ ಮುಂಬಯಿಗೆ. ಆದ್ದರಿಂದ ಸೈನ್ಯದ ಕಾಗದದಲ್ಲಿ ಅಜ್ಜ 'ಮದ್ರಾಸಿ' ಅಂತಲೋ ಬಾಂಬೆಯವರು ಅಂತಲೋ ಇದ್ದರೆ ಬೇರೆ ಯಾರದೋ ಎಂದು ಎಸೆಯಬೇಡಿ. ಮತ್ತೊಂದು: ಡಿವಿಷನ್ನಿನ ನಂಬರಿನಿಂದ ಶುರು ಮಾಡಬೇಡಿ. ಸೈನಿಕನ ನಂಬರು, ಆಮೇಲೆ ಕಂಪನಿ ಅಥವಾ ಬೆಟಾಲಿಯನ್, ಆಮೇಲೆ ತಾರೀಖು. ಕೊನೆಗೆ ಡಿವಿಷನ್ನು ತಾನಾಗಿ ಸಿಗುತ್ತದೆ.

ಅಂದ ಹಾಗೆ, ನನ್ನ ತಪ್ಪಿಗೆ ಏನು ಮಾಡಿದೆ ಅಂತ ಕೇಳುತ್ತೀರಾ? ಊರಿಗೆ ಬಂದ ವಾರ, ಅದೇ ವೇಳೆಯಲ್ಲಿ ತಿದ್ದುಪಡಿ ಓದಿದೆ. ಎರಡು 100ನೇ ಡಿವಿಷನ್ನುಗಳನ್ನೂ ಬೇರೆ ಬೇರೆಯಾಗಿ ಹೇಳಿದೆ. ಎರಡು ನಿಮಿಷ ಹಿಡಿಯಿತು. ಒಂದು ಹಾಡು ಕಡಿಮೆ ಮಾಡಬೇಕಾಯಿತು. ರಾತ್ರಿ ವಿಜಯವಾಡದಿಂದ ಫೋನು. "ಕೇಳಿದೆನಮ್ಮಾ. ಪಕ್ಕದಲ್ಲಿ ಅಣ್ಣನೂ ಕೂತಿದ್ದ" ಅಂದರು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ತಗಡಿನ ಟ್ರಂಕು ಇರಬಹುದು. ಇಳಿಸಿ ನೋಡಿ. ಪೇಬುಕ್ಕೋ, ಫೋಟೋವೋ ಸಿಕ್ಕರೆ ನಮಗೆ ಬರೆಯಿರಿ. ನಾವು ತಪ್ಪು ಹೇಳಿದರೆ ಅದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.